ವಾಸನೆಯಿಲ್ಲದ ಎಣ್ಣೆ

"ನನ್ನ ರಿಪೋರ್ಟಿಗೆ ಯಾಕ್ರೀ ಇನ್ನೂ ಸಹಿ ಹಾಕಿಲ್ಲ?"

ಆಕೆ ಶೆಡ್ಡಿನ ಬಾಗಿಲಲ್ಲೇ ನಿಂತು ಕೇಳಿದಳು. ಬಿಳಿ ಕೋಟು, ಎತ್ತಿ ಕಟ್ಟಿದ ಕೂದಲು, ಕೈಯಲ್ಲಿ ಮುದುಡಿದ ಕರ್ಚೀಫು, ಕೆಂಪಾದ ಮೂಗು. ಮೂಗು ಕೆಂಪಾದದ್ದು ಸಿಟ್ಟಿಗೋ ಶೀತಕ್ಕೋ ಹೇಳುವಂತಿರಲಿಲ್ಲ. ಎರಡೂ ಇದ್ದವು ಎಂದು ಆಮೇಲೆ ಗೊತ್ತಾಯಿತು.

ನಾನು ಇಂಜಿನ್ ನಿಲ್ಲಿಸಿದೆ. ನಮ್ಮ ಸಂಶೋಧನಾ ಸಂಸ್ಥೆಯ ಮುಂಭಾಗದಲ್ಲಿ ಗಾಜಿನ ಲ್ಯಾಬುಗಳು, ಹಿಂಭಾಗದಲ್ಲಿ ನಮ್ಮ ತಗಡಿನ ಶೆಡ್ಡು. ಒಂದೇ ಸಿಲಿಂಡರಿನ ಹಳೆಯ ಇಂಜಿನ್ನಿಗೆ ಬಗೆಬಗೆಯ ಡೀಸೆಲ್ ಕುಡಿಸಿ, ಯಾವುದು ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದು ನೋಡಿ ಅಂಕ ಕೊಡುವುದು ನನ್ನ ಕೆಲಸ. ಅದಕ್ಕೇ ಶೆಡ್ಡಿನವರು ನನ್ನನ್ನು ಮೇಷ್ಟ್ರು ಎನ್ನುತ್ತಾರೆ. ಆಕೆಗೆ ನಮ್ಮವರು ಇಟ್ಟ ಹೆಸರು ಕೊಬ್ಬಿನ ಮೇಡಂ. ಬ್ಯಾಕ್ಟೀರಿಯಾಗಳ ಮೈಯಲ್ಲಿ ಕೊಬ್ಬು ಬೆಳೆಸಿ ಅದರಿಂದ ಇಂಧನ ತೆಗೆಯುವವಳು ಎಂದು ಇಟ್ಟದ್ದು. ಆವತ್ತು ಬಾಗಿಲಲ್ಲಿ ನಿಂತಿದ್ದ ಭಂಗಿಗೆ ಆ ಹೆಸರಿನ ಇನ್ನೊಂದು ಅರ್ಥವೂ ಸರಿಹೋಗುತ್ತಿತ್ತು.

"ಕೂತ್ಕೊಳ್ಳಿ," ಎಂದೆ. ಶೆಡ್ಡಿನಲ್ಲಿದ್ದದ್ದು ಒಂದೇ ಕುರ್ಚಿ, ಅದರಲ್ಲಿ ನಾನೇ ಕೂತಿದ್ದೆ. ಗಡಿಬಿಡಿಯಲ್ಲಿ ಎದ್ದು ಅದನ್ನು ಅವಳ ಕಡೆ ಸರಿಸಿದೆ.

"ಕೂರೋಕೆ ಬಂದಿಲ್ಲ. ನನ್ನ ಎಣ್ಣೆಗೆ ಎಷ್ಟು ಅಂಕ ಬಂತು ಹೇಳಿ."

"ನೂರು."

"ನೂರು. ದೊಡ್ಡ ಸಾಹೇಬರಿಗೆ ಫೋನಲ್ಲೂ ಹಾಗೇ ಹೇಳಿದೀರಿ. ಅವರು ಇಡೀ ಬಿಲ್ಡಿಂಗಿಗೆ ಸಾರ್ಕೊಂಡು ಬಂದಿದಾರೆ. ನಾಳಿದ್ದು ನಮ್ಮ ಕೆಲಸ ನೋಡೋಕೆ ಸಮಿತಿ ಬರುತ್ತೆ. ಸಹಿ ಇಲ್ಲದ ರಿಪೋರ್ಟ್ ಹಿಡ್ಕೊಂಡು ನಾನೇನು ಗಾಳಿ ಹಾಕ್ಕೊಳ್ಳಲಾ?"

ದೊಡ್ಡ ಸಾಹೇಬರೆಂದರೆ ನಮ್ಮ ನಿರ್ದೇಶಕರು. ಅವರು ಫೋನಿನಲ್ಲಿ "ಎಷ್ಟು ಬಂತಯ್ಯಾ?" ಎಂದರು, ನಾನು "ನೂರು ತೋರಿಸ್ತಾ ಇದೆ ಸಾರ್, ಆದರೆ..." ಎಂದೆ. ಆ 'ಆದರೆ' ಅವರ ಕಿವಿಗೆ ಬೀಳುವ ಮೊದಲೇ ಫೋನ್ ಇಟ್ಟಿದ್ದರು. ನನ್ನ ಬದುಕಿನ ಎಷ್ಟೋ 'ಆದರೆ'ಗಳ ಗತಿ ಹೀಗೇ ಆಗಿದೆ.

"ಅದು ಜಾಸ್ತಿ ಚೆನ್ನಾಗಿದೆ. ಅದಕ್ಕೇ ಸಹಿ ಹಾಕಿಲ್ಲ," ಎಂದೆ.

ಆಕೆ ನನ್ನನ್ನೇ ನೋಡಿದಳು. ಆ ನೋಟವನ್ನು ನಾನು ಸುಮಾರು ದಿನಗಳಿಂದ ಬಲ್ಲೆ. ಸಿಟ್ಟು ಬಂದಾಗ ಬಲಗಣ್ಣು ಎಡಗಣ್ಣಿಗಿಂತ ತುಸು ಚಿಕ್ಕದಾಗುತ್ತದೆ. ನಗು ಬಂದಾಗಲೂ ಅಷ್ಟೆ. ಹಾಗಾಗಿ ಒಂದು ಗಳಿಗೆ ಯಾವುದು ಕಾದಿದೆ ಎಂದು ತಿಳಿಯದೆ ನಿಲ್ಲಬೇಕಾಗುತ್ತದೆ.

"ಚೆನ್ನಾಗಿದ್ರೆ ತಪ್ಪಾ?"

ತಪ್ಪಲ್ಲ. ಆದರೆ ವಿಷಯ ಬಿಸಿ ತುಪ್ಪದ ಹಾಗಿತ್ತು, ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ನಾನು ಸಹಿ ಹಾಕದಿರಲು ಎರಡು ಕಾರಣಗಳಿದ್ದವು. ಒಂದನ್ನು ಹೇಳಬಹುದಿತ್ತು. ಇನ್ನೊಂದನ್ನು ಹೇಳಿದರೆ ಮರ್ಯಾದೆ ಉಳಿಯುತ್ತಿರಲಿಲ್ಲ.

*

ಆಕೆ ಮೊದಲ ಸಲ ನಮ್ಮ ಶೆಡ್ಡಿಗೆ ಬಂದಾಗ ಕೈಯಲ್ಲಿ ಬೆರಳುದ್ದದ ಒಂದು ಗಾಜಿನ ಸೀಸೆ ಇತ್ತು. ತಳದಲ್ಲಿ ನಾಲ್ಕು ಹನಿ.

"ನೋಡಿ, ಹೇಗಿದೆ ಹೇಳಿ," ಎಂದು ಕೊಟ್ಟಿದ್ದಳು.

ನನ್ನ ಇಂಜಿನ್ನಿಗೆ ಒಂದು ಲೀಟರಾದರೂ ಬೇಕು. ನಾಲ್ಕು ಹನಿ ಅದರ ನಾಲಿಗೆಗೂ ತಾಗುವುದಿಲ್ಲ. ಅದನ್ನು ಅವತ್ತೇ ಹೇಳಿಬಿಟ್ಟಿದ್ದರೆ ವಿಷಯ ಮುಗಿಯುತ್ತಿತ್ತು, ಆಕೆಯೂ ಲೀಟರ್ ಆಗುವವರೆಗೆ ಇತ್ತ ತಲೆ ಹಾಕುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದೆ, ವಾಲಿಸಿದೆ, ಮುಚ್ಚಳ ತೆಗೆದು ಮೂಸಿ ನೋಡಿದೆ, ತುಂಬಾ ತಿಳಿದವನ ಹಾಗೆ ತಲೆಯಾಡಿಸಿದೆ.

"ಪರವಾಗಿಲ್ಲ. ಇನ್ನೊಂದ್ಸಲ ತನ್ನಿ, ನೋಡೋಣ."

ಹದಿನೈದು ದಿನಕ್ಕೊಮ್ಮೆ ಬರತೊಡಗಿದಳು. ಆಮೇಲೆ ವಾರಕ್ಕೊಮ್ಮೆ. ಪ್ರತಿ ಸಲವೂ ನಾಲ್ಕು ಹನಿ, ಪ್ರತಿ ಸಲವೂ ನನ್ನ ತಲೆಯಾಟ. ಆಕೆ ಕಂಬಕ್ಕೆ ಒರಗಿ ನಿಂತು ತನ್ನ ಬ್ಯಾಕ್ಟೀರಿಯಾಗಳ ಕಥೆ ಹೇಳುತ್ತಿದ್ದಳು. ಅವುಗಳನ್ನು ಆಕೆ ಕರೆಯುತ್ತಿದ್ದದ್ದು 'ನಮ್ಮವರು' ಅಂತ.

"ನಮ್ಮವರು ಸಕ್ಕರೆ ತಿಂದು ಕೊಬ್ಬು ಮಾಡ್ತಾರೆ. ಆ ಕೊಬ್ಬಲ್ಲಿ ಮೈ ಸುತ್ತ ಗೋಡೆ ಕಟ್ಕೋತಾರೆ. ಹಸಿವಾದ್ರೆ ಅದೇ ಕೊಬ್ಬನ್ನ ತುಂಡು ತುಂಡು ಮಾಡಿ ಅಗಿದು ತಿಂತಾರೆ. ನಾನು ಏನು ಮಾಡಿದೀನಿ ಅಂದ್ರೆ, ಆ ಅಗಿಯೋ ಕೆಲಸವನ್ನ ಅರ್ಧಕ್ಕೆ ನಿಲ್ಲಿಸಿದೀನಿ. ಒಂದು ಜೀನ್ ತೆಗೆದೆ, ಎರಡು ಸೇರಿಸಿದೆ. ಈಗ ಅರ್ಧ ಅಗಿದ ತುಂಡು ನುಂಗೋಕಾಗಲ್ಲ, ಹೊರಗೆ ಬಿಡ್ತಾರೆ. ಆ ತುಂಡೇ ಇದು."

"ಅಂದ್ರೆ ಎಂಜಲು."

ಬಲಗಣ್ಣು ಚಿಕ್ಕದಾಯಿತು. ನಾನು ಉಸಿರು ಹಿಡಿದೆ. ನಗುವೇ ಬಂತು.

"ಎಂಜಲೇ ಅನ್ನಿ. ಆದ್ರೆ ನಿಮ್ಮ ಡೀಸೆಲ್‌ಗೆ ಅದಕ್ಕಿಂತ ಹತ್ತಿರದ ನೆಂಟ ಇಲ್ಲ."

"ಹಸಿದವರ ಬಾಯಿಂದ ತುತ್ತು ಕಿತ್ಕೊಂಡ ಹಾಗಾಗಲ್ವಾ?"

ಆಕೆ ಸೀಸೆಯ ಮುಚ್ಚಳವನ್ನು ತಿರುಗಿಸುತ್ತ ನಿಂತಳು. ಬೆರಳುಗಳು ತೆಳ್ಳಗಿದ್ದವು, ಸದಾ ಕೈಗವಸಿನೊಳಗಿದ್ದು ತುದಿಗಳು ಬಿಳಿಚಿದ್ದವು.

"ಮೊದಮೊದಲು ಹಾಗೇ ಆಗ್ತಿತ್ತು," ಎಂದಳು. "ಹುಟ್ಟಿದ ತಕ್ಷಣ ಕೊಡು ಕೊಡು ಅಂತಿದ್ದೆ. ಕೊಟ್ಟು ಕೊಟ್ಟು ಸೊರಗೋಗ್ತಿದ್ರು. ಈಗ ಮೊದಲು ಹೊಟ್ಟೆ ತುಂಬಾ ಉಣ್ಣಿಸ್ತೀನಿ, ಬೆಳೆಯೋಕೆ ಬಿಡ್ತೀನಿ, ಆಮೇಲೆ ಕೇಳ್ತೀನಿ. ಹೊಟ್ಟೆ ತುಂಬಿದವರು ತಾವಾಗೇ ಕೊಡ್ತಾರೆ."

ಆ ಮಾತು ನನ್ನಲ್ಲಿ ಬಹಳ ದಿನ ಉಳಿಯಿತು. ಇಷ್ಟು ಸಣ್ಣ ಜೀವಗಳ ಬಗ್ಗೆ ಇಷ್ಟು ಯೋಚಿಸುವವಳು, ತಾನು ಊಟ ಮಾಡಿದ್ದಾಳೋ ಇಲ್ಲವೋ ಎಂದು ಒಮ್ಮೆಯಾದರೂ ಯೋಚಿಸುತ್ತಾಳೆಯೇ ಎನಿಸಿತು. ಕೇಳಬೇಕೆಂದುಕೊಂಡೆ. ಕೇಳಲಿಲ್ಲ.

ಇನ್ನು ಆ ವಾಸನೆಯ ವಿಷಯ. ಆಕೆಯ ಇಂಧನಕ್ಕೊಂದು ವಾಸನೆ ಇತ್ತು. ಕಿತ್ತಳೆ ಸಿಪ್ಪೆಯನ್ನು ಬೆರಳಲ್ಲಿ ಹಿಂಡಿದ ಹಾಗೆ, ಅದರ ಬೆನ್ನಿಗೇ ಹಸಿ ಎಲೆ ಹೊಸಕಿದ ಕಹಿ. ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕುಗಳ ನಡುವೆ ದಿನವಿಡೀ ಓಡಾಡುವವಳಾದ್ದರಿಂದ ಅದು ಅವಳ ಕೋಟಿಗೆ, ಕೂದಲಿಗೆ, ಕೊಟ್ಟುಹೋದ ಪೆನ್ನಿಗೂ ಹತ್ತಿರುತ್ತಿತ್ತು. ಆಕೆ ಬಂದುಹೋದ ಮೇಲೆ ನಮ್ಮ ಡೀಸೆಲ್ ಹೊಗೆಯ ಶೆಡ್ಡಿನಲ್ಲಿ, ಆ ಕಂಬದ ಹತ್ತಿರ ಮಾತ್ರ, ಸ್ವಲ್ಪ ಹೊತ್ತು ಬೇರೆ ಗಾಳಿ ಇರುತ್ತಿತ್ತು. ಆ ಕಂಬದ ಹತ್ತಿರ ನನಗೆ ಆಗಾಗ ಕೆಲಸ ಬೀಳುತ್ತಿತ್ತು.

ಮನೆಯಲ್ಲಿ ನಾನು ಅಕ್ಕ ಭಾವನ ಜೊತೆ ಇದ್ದೇನೆ. ಕೆಳಗೆ ಅಕ್ಕನ ಹೊಲಿಗೆ ಅಂಗಡಿ, ಮೇಲೆ ನಾವು. ಭಾವ ಬಸ್ ಓಡಿಸುತ್ತಾರೆ. ಒಂದು ಸಂಜೆ ಅಕ್ಕ ನನ್ನ ಅಂಗಿ ಒಗೆಯಲು ಎತ್ತಿಕೊಂಡವಳು ಮೂಗಿನ ಹತ್ತಿರ ಹಿಡಿದು ನಿಂತುಬಿಟ್ಟಳು.

"ಡೀಸೆಲ್ ಜೊತೆ ಇದೇನೋ ಹಣ್ಣಿನ ವಾಸನೆ?"

"ಸ್ಯಾಂಪಲ್ ಚೆಲ್ತು ಅಕ್ಕ."

"ಪ್ರತಿ ಗುರುವಾರ ಚೆಲ್ಲುತ್ತಾ?"

ಭಾವ ಪೇಪರಿನ ಹಿಂದಿನಿಂದ ಕೆಮ್ಮಿದರು. ನಾನು ನೀರು ಕುಡಿಯಲು ಎದ್ದುಹೋದೆ.

*

ಈಗ ಆಕೆ ನನ್ನೆದುರು ಸಿಟ್ಟಾಗಿ ನಿಂತಿದ್ದಳು. ಇಂಜಿನ್ನಿನ ಆಚೆ ಬದಿಯಲ್ಲಿ, ಶೆಡ್ಡಿನವರೆಲ್ಲ ಚಿಕ್ಕಪ್ಪ ಎಂದು ಕರೆಯುವ ನಮ್ಮ ಹಿರಿಯ ಮೆಕ್ಯಾನಿಕ್ ಒಂದೇ ಬೋಲ್ಟನ್ನು ಆಗಿನಿಂದ ಬಿಗಿ ಮಾಡುತ್ತಲೇ ಇದ್ದರು. ಕಿವಿ ಮಾತ್ರ ಇತ್ತ ಇತ್ತು.

"ನೋಡಿ," ಎಂದೆ. "ನಮ್ಮ ಹತ್ರ ಅಳತೆ ಎಣ್ಣೆ ಅಂತ ಒಂದಿದೆ. ಅದಕ್ಕೆ ನೂರು ಅಂಕ ಅಂತ ಪ್ರಪಂಚವೇ ಒಪ್ಕೊಂಡಿದೆ. ಬೇರೆ ಎಲ್ಲಾ ಎಣ್ಣೆಗಳನ್ನ ಅದರ ಪಕ್ಕ ನಿಲ್ಲಿಸಿ ಅಳೀತೀವಿ. ಪೇಟೆ ಡೀಸೆಲ್‌ಗೆ ಐವತ್ತು ಬಂದ್ರೆ ಹೆಚ್ಚು. ನಿಮ್ಮದಕ್ಕೆ ಅರವತ್ತು ಬಂದಿದ್ರೆ ನಾನು ಕುಣೀತಿದ್ದೆ. ನೂರು ಬಂದಿದೆ. ಅಳತೆಗೋಲನ್ನ ಅಳೆದ ಹಾಗಿದೆ."

"ಅಂದ್ರೆ ನಾನು ಬೇಕಂತ ಬೇರೆ ಎಣ್ಣೆ ಕಳಿಸಿದೆ ಅಂತನಾ?"

"ಹಾಗಂದನಾ ನಾನು?"

"ಇನ್ನು ಹೇಗನ್ನಬೇಕು?" ಆಕೆಯ ದನಿ ಒಡೆಯಿತು. ಕರ್ಚೀಫನ್ನು ಮೂಗಿಗೆ ಒತ್ತಿಕೊಂಡಳು. "ನಿಮಗೆ ಗೊತ್ತಾ, ಹೊಸ ಟ್ಯಾಂಕಲ್ಲಿ ಹಾಕಿದ ನಮ್ಮವರೆಲ್ಲ ಸತ್ತೋದ್ರು. ಚೆನ್ನಾಗೇ ಬೆಳೆದಿದ್ರು, ಇದ್ದಕ್ಕಿದ್ದ ಹಾಗೆ ಎಲ್ಲಾ ಮುಗೀತು. ಯಾಕೆ ಅಂತ ಗೊತ್ತಿಲ್ಲ. ಪಕ್ಕದ ತಂಡದವರು ಟ್ಯಾಂಕು ನಮಗೆ ಕೊಡಿ ಅಂತ ಕೇಳ್ತಿದಾರೆ, ಇವತ್ತು ಮಧ್ಯಾಹ್ನ ಅದಕ್ಕೆ ಉಗಿ ಬಿಟ್ಟು ತೊಳೀತಾರೆ. ಸಮಿತಿಗೆ ತೋರಿಸೋಕೆ ನನಗೆ ಉಳಿದಿರೋದು ನಿಮ್ಮ ಅಂಕ ಒಂದೇ. ಅದೂ ಇಲ್ಲ ಅಂದ್ರೆ ಕೆಲಸ ನಿಲ್ಲಿಸ್ತಾರೆ. ನಮ್ಮವರು ಫ್ರೀಜರ್ ಸೇರ್ತಾರೆ. ಫ್ರೀಜರ್‌ಗೆ ಹೋದವರನ್ನ ಮತ್ತೆ ಯಾರೂ ಕರೆಯಲ್ಲ."

ಇಷ್ಟು ದಿನ ಆಕೆಯ ಕಣ್ಣಲ್ಲಿ ಸಿಟ್ಟು ನೋಡಿದ್ದೆ, ನಗು ನೋಡಿದ್ದೆ. ಈಗ ಎರಡು ಕಣ್ಣೂ ಒಂದೇ ಅಳತೆಯಲ್ಲಿದ್ದವು. ಅದು ನನ್ನಿಂದ ನೋಡಲಾಗಲಿಲ್ಲ. ಪೆನ್ನು ಮೇಜಿನ ಮೇಲೇ ಇತ್ತು. ಒಂದು ಗೀಟು ಎಳೆದರೆ ಆಕೆಯ ಮುಖ ಅರಳುತ್ತಿತ್ತು, ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ. ಆ ಆಸೆ ನನಗೆ ಬಂದದ್ದು ನಿಜ.

ಆದರೆ ಕೊನೆಗೂ ಲೀಟರ್ ಆಯಿತೆಂದು ಆಕೆ ಕಳಿಸಿದ್ದ ಆ ಕ್ಯಾನಿನಲ್ಲಿದ್ದದ್ದು ಅವಳದಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಅವಳದಲ್ಲದ್ದಕ್ಕೆ ಅವಳ ಹೆಸರಲ್ಲಿ ಸಹಿ ಹಾಕುವುದು ಹೇಗೆ? ಹಾಗೆ ಮಾಡಿದ ಮೇಲೆ ಅವಳ ಮುಖ ನೋಡುವುದಾದರೂ ಹೇಗೆ?

"ಅಂಕ ಒಂದೇ ಅಲ್ಲ," ಎಂದೆ. "ಇನ್ನೊಂದು ಕಾರಣ ಇದೆ."

"ಏನದು?"

ಚಿಕ್ಕಪ್ಪನ ಸ್ಪ್ಯಾನರ್ ನಿಂತಿತು.

"ಆ ಕ್ಯಾನಲ್ಲಿ ನಿಮ್ಮ ವಾಸನೆ ಇಲ್ಲ."

ತಗಡಿನ ಮೇಲೆ ಯಾವುದೋ ಹಕ್ಕಿ ನಡೆದಾಡಿದ್ದು ಕೇಳಿಸಿತು.

"ನನ್ನ... ಏನಿಲ್ಲ?"

"ವಾಸನೆ." ಆಡಿದ ಮಾತನ್ನು ತಿರುಗಿ ನುಂಗುವಂತಿರಲಿಲ್ಲ, ಮುಂದುವರಿಸಿದೆ. "ನೀವು ತರೋ ಸೀಸೆಗೆ ಒಂದು ವಾಸನೆ ಇರುತ್ತೆ. ಕಿತ್ತಳೆ ಸಿಪ್ಪೆ, ಹಿಂದೆ ಸ್ವಲ್ಪ ಎಲೆ ಕಹಿ. ನಿಮ್ಮ ಕೋಟಲ್ಲೂ ಅದೇ ಇರುತ್ತೆ. ನೀವು ಹೋದ ಮೇಲೆ ಆ ಕಂಬದ ಹತ್ರ ಅರ್ಧ ಗಂಟೆ ಇರುತ್ತೆ. ಗುರುವಾರ ಬಂದ್ರೆ ಶುಕ್ರವಾರದವರೆಗೂ ನನ್ನ ಅಂಗಿಯಲ್ಲಿರುತ್ತೆ. ಈ ಕ್ಯಾನ್ ತೆಗೆದಾಗ ಏನೂ ಇರ್ಲಿಲ್ಲ. ಸಾವಿರ ಎಣ್ಣೆ ಇಟ್ರೂ ನಿಮ್ಮದು ಯಾವುದು ಅಂತ ನಾನು ಕಣ್ಮುಚ್ಕೊಂಡು ಹೇಳ್ತೀನಿ. ಇದು ನಿಮ್ಮದಲ್ಲ."

ಒಂದೇ ಉಸಿರಿನಲ್ಲಿ ನಾನು ಇಷ್ಟು ಮಾತಾಡಿದ್ದು ಅದೇ ಮೊದಲು. ಕಿವಿ ಬಿಸಿಯಾಗಿತ್ತು. ಆಕೆಯ ಮುಖ ನೋಡಲು ಧೈರ್ಯ ಸಾಲದೆ ಕುರ್ಚಿಯ ಬೆನ್ನು ನೋಡುತ್ತ ನಿಂತೆ.

ಬೈಗುಳ ಬರಲಿಲ್ಲ. ತಲೆ ಎತ್ತಿದಾಗ ಆಕೆ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹಿಂದಿನ ಕಪಾಟಿನಲ್ಲಿದ್ದ ಅಳತೆ ಎಣ್ಣೆಯ ಬಾಟಲಿಯನ್ನು ನೋಡುತ್ತಿದ್ದಳು. ಅದರ ಮೇಲಿನ ಲೇಬಲ್ಲನ್ನು ತುಟಿಯಲ್ಲೇ ಓದುತ್ತಿದ್ದಳು.

"ಇದೇನಾ ನಿಮ್ಮ ಅಳತೆ ಎಣ್ಣೆ?"

"ಹೌದು."

"ಇದು ನಮ್ಮಲ್ಲೂ ಇದೆ," ಎಂದಳು ನಿಧಾನವಾಗಿ. "ಟ್ಯಾಂಕಿನ ನೀರಿನ ಮೇಲೆ ಹೊದಿಕೆ ಥರ ಒಂದು ಪದರ ಹಾಕ್ತೀವಿ. ಇದು ನಮ್ಮವರಿಗೆ ಏನೂ ತೊಂದರೆ ಮಾಡಲ್ಲ. ಅವರು ಹೊರಗೆ ಬಿಟ್ಟ ಇಂಧನ ಬಂದು ಇದರಲ್ಲಿ ಸೇರ್ಕೊಳ್ಳುತ್ತೆ. ಆಮೇಲೆ ಬೇರೆ ಮಾಡಿ ಕ್ಯಾನಿಗೆ ತುಂಬ್ತೀವಿ. ಎರಡಕ್ಕೂ ಒಂದೇ ಥರದ ಕ್ಯಾನು. ಎರಡೂ ನೀರಿನ ಹಾಗೆ ಇರುತ್ತೆ."

"ಮೇಲೆ ಬರೆದಿರಲ್ವಾ?"

"ಮಾರ್ಕರ್‌ನಲ್ಲಿ ಬರೆದಿದ್ದೆ. ಸುರಿಯೋವಾಗ ಒಂದು ಹನಿ ಇಳಿದ್ರೆ ಸಾಕು, ನಮ್ಮ ಇಂಧನ ಮಾರ್ಕರ್ ಶಾಯಿನ ತಿಂದುಬಿಡುತ್ತೆ, ಒದ್ದೆ ಕೈ ತಾಗಿದ್ರೆ ಪಕ್ಕದ ಕ್ಯಾನಿಂದೂ ಹೋಗುತ್ತೆ. ಅದಕ್ಕೇ ನಾನು ಯಾವಾಗಲೂ ಮೂಸಿ ನೋಡೇ ಎತ್ಕೊಳ್ಳೋದು. ಆದ್ರೆ ಈ ಸಲ..."

ಕರ್ಚೀಫು ಹಿಡಿದ ಕೈಯನ್ನು ತಾನೇ ನೋಡಿಕೊಂಡಳು.

"ಈ ಸಲ ಮೂಗು ಕಟ್ಟಿತ್ತು," ಎಂದೆ.

"ಕಟ್ಟೇ ಇದೆ. ಎರಡು ವಾರದಿಂದ." ಆಕೆ ಕುರ್ಚಿಯಲ್ಲಿ ಕುಸಿದು ಕೂತಳು. "ಹಾಗಾದ್ರೆ ನಿಮಗೆ ಕಳಿಸಿದ್ದು ಹೊದಿಕೆ ಎಣ್ಣೆ. ಮತ್ತೆ ನಮ್ಮ ಇಂಧನ... ಅಯ್ಯೋ. ಅದನ್ನ ನಾನು ಹೊದಿಕೆ ಅಂದ್ಕೊಂಡು ಹೊಸ ಟ್ಯಾಂಕಿಗೆ ಸುರಿದೆ. ಎರಡು ಲೀಟರ್ ಪೂರ್ತಿ, ಅವರ ತಲೆ ಮೇಲೇ. ಅಷ್ಟು ಗಟ್ಟಿಯಾಗಿದ್ರೆ ತಡ್ಕೊಳ್ಳೋಕೆ ಅವರ ಕೈಲಾಗಲ್ಲ."

"ಅಂದ್ರೆ ಅವರು ಸೋತು ಸತ್ತಿದ್ದಲ್ಲ."

"ಅಲ್ಲ. ಅವರದೇನೂ ತಪ್ಪಿಲ್ಲ." ಕಣ್ಣು ತುಂಬಿ ಬಂತು. ದುಃಖವೋ ಸಮಾಧಾನವೋ ಹೇಳುವುದು ಕಷ್ಟ. ತನ್ನ ಮಕ್ಕಳು ಸೋಮಾರಿಗಳೆಂದು ಬೈದುಕೊಂಡ ತಾಯಿ, ಅವಕ್ಕೆ ಜ್ವರವಿತ್ತೆಂದು ತಿಳಿದು ಕೂತ ಹಾಗೆ ಕೂತಿದ್ದಳು.

ಚಿಕ್ಕಪ್ಪ ಇಂಜಿನ್ನಿನ ಹಿಂದಿನಿಂದ ತಲೆ ಎತ್ತಿದರು.

"ಅಲ್ಲಮ್ಮಾ, ಹಾಗಾದ್ರೆ ನಿನ್ನ ಎಣ್ಣೆ ಈಗೆಲ್ಲಿದೆ?"

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲಾ ಹುಡುಕಿದವರ ಹಾಗೆ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅದು ಎಲ್ಲಿಗೂ ಹೋಗಿರಲಿಲ್ಲ. ಸತ್ತ ಟ್ಯಾಂಕಿನ ನೀರಿನ ಮೇಲೆ ತೇಲುತ್ತ ಇತ್ತು. ಮಧ್ಯಾಹ್ನ ಅದಕ್ಕೆ ಉಗಿ ಬಿಡುವವರಿದ್ದರು.

ಆಕೆ ಎದ್ದಳು. ಎರಡು ಹೆಜ್ಜೆ ಹಾಕಿ ತಟ್ಟನೆ ನಿಂತಳು.

"ಟ್ಯಾಂಕು ತೆಗೆದ ಮೇಲೆ ದೊಡ್ಡ ಸಾಹೇಬರಿಗೆ ಹೇಳಲೇಬೇಕು. ಹೇಳಿದ್ರೆ ನೂರು ಅಂಕ ಸುಳ್ಳು ಅಂತ ನಾನೇ ಒಪ್ಕೊಂಡ ಹಾಗೆ." ನನ್ನತ್ತ ತಿರುಗಿದಳು. "ನನಗೆ ಮೂಗಿಲ್ಲ. ಪರೀಕ್ಷೆ ಮಾಡೋ ಹೊತ್ತಿಗೆ ಉಗಿ ಬಿಟ್ಟಿರ್ತಾರೆ. ನಿಮ್ಮ ಮೂಗೊಂದನ್ನೇ ನಂಬಿ ಹೋಗ್ಬೇಕು ನಾನು. ನಂಬಲಾ?"

"ನಂಬಿ."

"ಅಷ್ಟು ಗ್ಯಾರಂಟಿನಾ?"

"ಬೇರೆ ಯಾವುದರಲ್ಲೂ ಇಷ್ಟು ಗ್ಯಾರಂಟಿ ಇಲ್ಲ ನನಗೆ."

ಬಲಗಣ್ಣು ಚಿಕ್ಕದಾದಂತೆ ಕಂಡಿತು. ನೋಡುವಷ್ಟರಲ್ಲಿ ಓಡತೊಡಗಿದ್ದಳು. ನಾನೂ ಹಿಂದೆ ಓಡಿದೆ, ಎಣ್ಣೆ ಬಟ್ಟೆ ಹೆಗಲ ಮೇಲೇ ಇತ್ತು.

*

ಟ್ಯಾಂಕುಗಳಿದ್ದ ಕೋಣೆಯಲ್ಲಿ ಪಕ್ಕದ ತಂಡದವನೊಬ್ಬ ಉಗಿಯ ಪೈಪು ಜೋಡಿಸುತ್ತಿದ್ದ. ಆಕೆ ಅವನಿಗೂ ವಾಲ್ವಿಗೂ ನಡುವೆ ನಿಂತುಕೊಂಡಳು.

"ಒಂದು ನಿಮಿಷ ಕೊಡಿ."

"ಸತ್ತ ಟ್ಯಾಂಕು ಮೇಡಂ ಅದು."

"ಸತ್ತವರ ಆಸ್ತಿ ಇದೆ ಅದರಲ್ಲಿ," ಎಂದಳು. ಅವನು ಪೈಪು ಕೆಳಗಿಟ್ಟ.

ಮುಚ್ಚಳದ ಸ್ಕ್ರೂ ತೆಗೆದದ್ದು ನಾನು. ಎತ್ತಿದ ಕ್ಷಣ ಮುಖಕ್ಕೆ ಬಡಿಯಿತು. ಇಷ್ಟು ದಿನ ಸೀಸೆಯ ತಳದಲ್ಲಿ, ಕಂಬದ ಪಕ್ಕದಲ್ಲಿ, ಅಂಗಿಯ ತೋಳಿನಲ್ಲಿ ಚೂರು ಚೂರು ಸಿಕ್ಕಿದ್ದು ಈಗ ಕೋಣೆಯ ತುಂಬಾ ಹರಡಿತು. ಕಿತ್ತಳೆ ಸಿಪ್ಪೆ, ಎಲೆಯ ಕಹಿ. ಒಳಗೆ ಮಬ್ಬು ನೀರಿನ ಮೇಲೆ ಬೆರಳಗಲದ ತಿಳಿ ಪದರ ಸುಮ್ಮನೆ ನಿಂತಿತ್ತು.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ತನಗೆ ತಿಳಿಯದ್ದನ್ನು ನನ್ನ ಮುಖದಲ್ಲಿ ಓದಿಕೊಳ್ಳುತ್ತಿದ್ದಳು.

"ಇದೆ," ಎಂದೆ.

ಹೊಟ್ಟೆಗೆ ಹಾಲು ಹುಯ್ದಂತಾಯಿತು ಎನ್ನುತ್ತಾರಲ್ಲ, ಅದು ಮುಖದಲ್ಲಿ ಹೇಗೆ ಕಾಣುತ್ತದೆ ಎಂದು ನಾನು ಅವತ್ತು ನೋಡಿದೆ. ಆಕೆ ಟ್ಯಾಂಕಿನ ತಣ್ಣನೆಯ ಸ್ಟೀಲಿಗೆ ಹಣೆ ಒತ್ತಿ ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಕೈಗವಸು ಹಾಕಿಕೊಂಡಳು. ಆ ಪದರವನ್ನು ನಾವಿಬ್ಬರೂ ಸೇರಿ, ಹಾಲಿನ ಕೆನೆ ತೆಗೆಯುವಷ್ಟು ಜೋಪಾನವಾಗಿ ಎತ್ತಿದೆವು. ಸ್ವಲ್ಪ ನೀರಿಗೆ ಹೋಗಿತ್ತು, ಸ್ವಲ್ಪ ಗಾಳಿಗೆ. ಉಳಿದದ್ದು ಇಂಜಿನ್ನಿಗೆ ಸಾಕಾಗುತ್ತಿತ್ತು.

ದೊಡ್ಡ ಸಾಹೇಬರ ಕೋಣೆಗೆ ಆಕೆ ಒಬ್ಬಳೇ ಹೋಗುತ್ತೇನೆ ಎಂದಳು. ನಾನು ಬಾಗಿಲ ಹೊರಗೆ ನಿಂತೆ. ಒಳಗೆ ಮೊದಲು ಅವರ ದನಿ ಏರಿತು. ಸಾರಿಕೊಂಡು ಬಂದದ್ದನ್ನು ಹಿಂತೆಗೆದುಕೊಳ್ಳುವುದು ಯಾರಿಗಾದರೂ ಕಷ್ಟವೇ. ಆಮೇಲೆ ಆಕೆಯ ದನಿ ಕೇಳಿಸಿತು. ಅದು ಒಮ್ಮೆಯೂ ಏರಲಿಲ್ಲ.

"ನೂರು ಸುಳ್ಳು ಸಾರ್. ನಿಜ ಎಷ್ಟು ಅಂತ ನನಗಿನ್ನೂ ಗೊತ್ತಿಲ್ಲ. ಕಮ್ಮಿನೇ ಬರುತ್ತೆ. ಎಷ್ಟು ಬಂದ್ರೂ ಅದನ್ನೇ ಸಮಿತಿ ಮುಂದೆ ಇಡ್ತೀನಿ."

ಹೊರಬಂದವಳು ಅಂಗೈಗಳನ್ನು ಕೋಟಿಗೆ ಒರೆಸಿಕೊಳ್ಳತೊಡಗಿದಳು. ನಾನು ಹೆಗಲ ಮೇಲಿದ್ದ ಬಟ್ಟೆ ಕೊಟ್ಟೆ. ಅದರಲ್ಲಿ ಕೈ ಒರೆಸಿಕೊಂಡ ಮೇಲೆ ಅದು ಇಂಜಿನ್ ಒರೆಸುವ ಬಟ್ಟೆ ಎಂದು ಇಬ್ಬರಿಗೂ ಗೊತ್ತಾಯಿತು. ಅಂಗೈ ತುಂಬಾ ಮಸಿ. ಆಕೆ ನಕ್ಕಳು, ಆಮೇಲೆ ನಾನೂ ನಕ್ಕೆ.

*

ಎಣ್ಣೆಯನ್ನು ತೊಳೆದು, ಶುದ್ಧ ಮಾಡಿ, ತನ್ನ ಲ್ಯಾಬಿನಲ್ಲಿ ಪರೀಕ್ಷಿಸಿಯೇ ಆಕೆ ಕ್ಯಾನು ತಂದಳು. ಈ ಸಲ ಕ್ಯಾನಿನ ಕುತ್ತಿಗೆಗೆ ದಾರ ಕಟ್ಟಿ ಚೀಟಿ ತೂಗುಬಿಟ್ಟಿದ್ದಳು. ಸಮಿತಿಯವರು ಶೆಡ್ಡಿಗೇ ಬಂದರು. ಟೈ ಕಟ್ಟಿದವರೆಲ್ಲ ಗೋಡೆಗೆ ತಾಗದಂತೆ ಹುಷಾರಾಗಿ ನಿಂತರು. ಚಿಕ್ಕಪ್ಪ ಅವತ್ತು ಹೊಸ ಅಂಗಿ ಹಾಕಿದ್ದರು.

ನಾನು ಪೈಪು ಜೋಡಿಸಿದೆ. ಇಂಜಿನ್ ಒಮ್ಮೆ ಕೆಮ್ಮಿತು, ಎರಡು ಸಲ ತಡವರಿಸಿತು. ಪಕ್ಕದಲ್ಲಿ ನಿಂತಿದ್ದ ಆಕೆ ಉಸಿರಾಡುತ್ತಿರಲಿಲ್ಲ ಎಂದು ನನಗೆ ನೋಡದೆಯೂ ಗೊತ್ತಾಯಿತು. ಆಮೇಲೆ ಲಯ ಹಿಡಿಯಿತು. ಒಂದೇ ಸಮನೆ, ನಿಧಾನವಾಗಿ, ತನಗೆ ಗೊತ್ತಿರುವ ದಾರಿಯಲ್ಲಿ ಹೋಗುವವರ ಹಾಗೆ ಓಡತೊಡಗಿತು.

ಕೈಚಕ್ರ ತಿರುಗಿಸಿ, ಅಳತೆ ಎಣ್ಣೆಯ ಪಕ್ಕ ನಿಲ್ಲಿಸಿ ನೋಡಿದೆ. ಮತ್ತೊಮ್ಮೆ ನೋಡಿದೆ.

"ಐವತ್ತಾರು," ಎಂದೆ.

ನೂರರ ಕಥೆ ಕೇಳಿ ಬಂದವರಿಗೆ ಐವತ್ತಾರು ಸಪ್ಪೆಯಾಗಿ ಕೇಳಿಸಿರಬೇಕು. ಸಮಿತಿಯ ಹಿರಿಯ ಹೆಂಗಸೊಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು:

"ಪೇಟೆ ಡೀಸೆಲ್‌ಗೆ ಎಷ್ಟಿರುತ್ತೆ?"

"ಇದಕ್ಕಿಂತ ಕಮ್ಮಿ," ಎಂದೆ. ಆ ರಿಪೋರ್ಟಿಗೆ ಅಲ್ಲೇ, ಎಲ್ಲರೆದುರಿಗೇ ಸಹಿ ಹಾಕಿದೆ. ಇಡೀ ವರ್ಷದಲ್ಲಿ ನಾನು ಅಷ್ಟು ಅಂದವಾಗಿ ಸಹಿ ಹಾಕಿರಲಿಲ್ಲ.

ಆ ಹಿರಿಯರು ಆಕೆಯ ಕಡೆ ತಿರುಗಿದರು. "ನೂರು ನಿಮ್ಮದಲ್ಲ ಅಂತ ನೀವೇ ಹೋಗಿ ಹೇಳಿದ್ರಂತೆ. ಟ್ಯಾಂಕು ಇನ್ನೊಂದು ವರ್ಷ ನಿಮ್ಮ ಹತ್ರಾನೇ ಇರ್ಲಿ. ಆ ಚೀಟಿ ಮಾತ್ರ ಬಿಡಬೇಡಿ."

ಎಲ್ಲರೂ ಹೋದರು. ಚಿಕ್ಕಪ್ಪ ಯಾರೂ ಕೇಳದೆಯೇ ಟೀ ತರುತ್ತೇನೆಂದು ಹೊರಟರು. ಸಾಮಾನ್ಯವಾಗಿ ಅವರು ಟೀ ತರಿಸುವವರೇ ಹೊರತು ತರುವವರಲ್ಲ.

ಆಕೆ ಕಂಬಕ್ಕೆ ಒರಗಿ ನಿಂತಿದ್ದಳು.

"ಆವತ್ತು ಏನೋ ಹೇಳಿದ್ರಲ್ಲ," ಎಂದಳು. "ಕಣ್ಮುಚ್ಕೊಂಡು ಹೇಳ್ತೀನಿ ಅಂತ."

"ಹೇಳಿದೆ."

"ಎಷ್ಟು ದಿನದಿಂದ?"

"ಮೊದಲನೇ ಸೀಸೆಯಿಂದ."

"ಅದರಲ್ಲಿ ನಾಲ್ಕು ಹನಿ ಇತ್ತು."

"ಹೌದು. ನಿಜ ಹೇಳ್ಬೇಕು ಅಂದ್ರೆ, ನಾಲ್ಕು ಹನಿಯಲ್ಲಿ ನನ್ನ ಇಂಜಿನ್ನಿಗೆ ಏನೂ ಆಗಲ್ಲ. ಲೀಟರ್ ಬೇಕು. ಹೇಳಿದ್ರೆ ನೀವು ಬರೋದು ನಿಲ್ಲಿಸ್ತೀರಿ ಅಂತ ಹೇಳ್ಲಿಲ್ಲ."

ಬಲಗಣ್ಣು ಚಿಕ್ಕದಾಯಿತು. ಈ ಸಲ ಅದು ಯಾವುದು ಎಂದು ಕಾಯಬೇಕಾಗಲಿಲ್ಲ.

"ಲೀಟರ್ ಬೇಕು ಅಂತ ನಿಮ್ಮ ಬಾಗಿಲ ಮೇಲೇ ಬರೆದಿದೆಯಲ್ರೀ, ಇಷ್ಟು ದಪ್ಪ ಅಕ್ಷರದಲ್ಲಿ," ಎಂದಳು. "ಮೊದಲನೇ ದಿನವೇ ಓದಿದ್ದೆ."

ನಾನು ಬಾಗಿಲ ಕಡೆ ನೋಡಿದೆ. ಬರೆದಿತ್ತು. ಬರೆದವನು ನಾನೇ.

"ಹಾಗಾದ್ರೆ ಯಾಕೆ ತರ್ತಿದ್ರಿ?"

"ನೀವು ಅದನ್ನ ಬೆಳಕಿಗೆ ಹಿಡಿದು ಅಷ್ಟು ಗಂಭೀರವಾಗಿ ಸುಳ್ಳು ಹೇಳ್ತಿದ್ರಲ್ಲ, ಅದನ್ನ ನೋಡೋಕೆ." ದನಿ ಮೆತ್ತಗಾಯಿತು. "ಆ ಮುಂದಿನ ಬಿಲ್ಡಿಂಗಲ್ಲಿ ಎಲ್ಲರೂ ಎಷ್ಟಾಯ್ತು, ಯಾವಾಗ ಆಗುತ್ತೆ ಅಂತ ಕೇಳ್ತಾರೆ. ನಾಲ್ಕು ಹನಿ ತಂದ್ರೂ ಪರವಾಗಿಲ್ಲ ಅಂದವರು ನೀವೊಬ್ರೇ."

ಮೆಟ್ಟಿಲ ಹತ್ತಿರ ಚಿಕ್ಕಪ್ಪ ಬೇಕೆಂದೇ ಜೋರಾಗಿ ಕೆಮ್ಮಿದರು. ಟೀ ಬಂತು.

ಆ ರಾತ್ರಿ ಊಟಕ್ಕೆ ಕೂತಾಗ ಅಕ್ಕನಿಗೆ ಹೇಳಿದೆ. "ಅಂಗಡಿಯಲ್ಲಿ ಒಂದು ಮರದ ಕುರ್ಚಿ ಸುಮ್ನೆ ಬಿದ್ದಿದೆಯಲ್ಲ ಅಕ್ಕ, ನಾಳೆ ತಗೊಂಡು ಹೋಗ್ಲಾ? ಶೆಡ್ಡಲ್ಲಿ ಒಂದೇ ಇದೆ."

"ಇಷ್ಟು ವರ್ಷ ಒಂದೇ ಸಾಕಾಗಿತ್ತಲ್ಲೋ."

ನಾನು ಅನ್ನ ಕಲೆಸುತ್ತ ಕೂತೆ. ಭಾವ ಪೇಪರ್ ಕೆಳಗಿಟ್ಟರು. "ನಾನೇ ಬಸ್ಸಲ್ಲಿ ಹಾಕ್ಕೊಂಡು ಬಂದು ಇಳಿಸ್ತೀನಿ ಬಿಡು," ಎಂದರು. ಅಕ್ಕ ಎದ್ದುಹೋಗಿ ಕುರ್ಚಿಯ ಮೇಲೆ ಹಾಕಲು ಒಂದು ದಿಂಬು ಹುಡುಕತೊಡಗಿದಳು.

ಮರುದಿನ ಗುರುವಾರವಾಗಿರಲಿಲ್ಲ. ಆದರೂ ಬೆಳಿಗ್ಗೆ ಆಕೆ ಬಂದಳು. ಮೂಗು ಕೆಂಪಾಗಿರಲಿಲ್ಲ, 'ಮೂಗು ಬಿಟ್ಟಿದೆ' ಎಂದು ತಾನಾಗೇ ಹೇಳಿದಳು. ಬೆರಳುದ್ದದ ಸೀಸೆಯನ್ನು ನನ್ನ ಮೇಜಿನ ಮೇಲಿಟ್ಟಳು. ನಾನು ಅಭ್ಯಾಸದಂತೆ ಬೆಳಕಿಗೆ ಹಿಡಿದೆ, ವಾಲಿಸಿದೆ. ಒಳಗೆ ಏನೂ ಇರಲಿಲ್ಲ.

"ಇದು ಖಾಲಿ ಇದೆ."

"ಹೌದು. ಇವತ್ತು ನೆಪ ಏನೂ ತಂದಿಲ್ಲ. ಸುಮ್ನೆ ಬಂದೆ."

ಆಮೇಲೆ ಆಕೆಯ ಕಣ್ಣು ಮೇಜಿನ ಈಚೆಗೆ, ದಿಂಬು ಹಾಕಿದ ಮರದ ಕುರ್ಚಿಯ ಮೇಲೆ ಬಿತ್ತು.

"ಇದು ಯಾವಾಗ ಬಂತು?"

"ಈಗಷ್ಟೇ. ನಿಮಗಿಂತ ಸ್ವಲ್ಪ ಮುಂಚೆ."

ಆಕೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ನನ್ನ ತೋಳಿನ ಕಡೆ ತುಸು ಬಾಗಿ, ಮುಚ್ಚುಮರೆಯಿಲ್ಲದೆ ಒಂದು ಸಲ ಮೂಸಿದಳು.

"ಡೀಸೆಲ್ಲು, ಬಾರ್ ಸೋಪು," ಎಂದಳು. "ಎರಡು ವಾರ ಇದು ಸಿಕ್ಕಿರ್ಲಿಲ್ಲ ನನಗೆ."

ನಾನು ಇಂಜಿನ್ ಚಾಲೂ ಮಾಡಬೇಕಿತ್ತು, ಪರೀಕ್ಷೆಗೆ ಬಂದ ಎಣ್ಣೆಗಳು ಸಾಲಾಗಿ ಕಾಯುತ್ತಿದ್ದವು. ಸ್ವಲ್ಪ ಹೊತ್ತು ಕಾಯಲಿ ಎಂದು ಬಿಟ್ಟೆ.

"ಬೆಳಿಗ್ಗೆ ತಿಂಡಿ ತಿಂದ್ರಾ?" ಎಂದು ಕೇಳಿದೆ.

"ಇಲ್ಲ."

ಅಕ್ಕ ಎರಡು ಡಬ್ಬಿ ಕಟ್ಟಿಕೊಟ್ಟಿದ್ದಳು. ಒಂದನ್ನು ಅವಳ ಮುಂದೆ ಇಟ್ಟೆ.